ಬೆಳೆಯಲಿಕ್ಕೆ ಬಿಟ್ಟ ಬಟ್ಟೆ

ಅಕ್ಕನ ಹತ್ತು ವರ್ಷದ ಮಗಳು, ಸಣಕಲಿಯಾದ್ದರಿಂದ ನಾವು ಕಡ್ಡಿ ಎಂದೇ ಕರೆಯುವವಳು, ಸಮವಸ್ತ್ರಕ್ಕೆ ಅಳತೆ ಕೊಡುವುದಿಲ್ಲ ಎಂದು ಹಟ ಹಿಡಿದಾಗ ನನಗೆ ಮೈಯೆಲ್ಲ ಉರಿಯಿತು. ಶಾಲೆ ಶುರುವಾಗುವ ಮುಂಚಿನ ವಾರ ದರ್ಜಿಗಳಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಅಕ್ಕ ಕತ್ತರಿಸುತ್ತಾಳೆ, ನಾನು ಹೊಲಿಯುತ್ತೇನೆ, ಊರಿನ ಅರ್ಧ ಮಕ್ಕಳ ಸಮವಸ್ತ್ರ ನಮ್ಮ ಮೇಜಿನ ಮೇಲೆ ರಾಶಿ ಬಿದ್ದಿರುತ್ತದೆ. ಅಂಥದ್ದರಲ್ಲಿ ಮನೆ ಹುಡುಗಿಯದೇ ಈ ರಂಪ.

“ಹಳೇ ಅಳತೆಗೇ ಹೊಲಿ ಚಿಕ್ಕಮ್ಮ. ಒಳಗಡೆ ಬಟ್ಟೆನೂ ಬಿಡ್ಬೇಡ,” ಎಂದಳು.

ಮಕ್ಕಳ ಅಂಗಿಯ ಪಕ್ಕದ ಹೊಲಿಗೆಯಲ್ಲಿ ಎರಡು ಬೆರಳಗಲ ಬಟ್ಟೆ ಒಳಗೆ ಮಡಚಿ ಬಿಡುವುದು ನಮ್ಮ ಅಂಗಡಿಯ ರೂಢಿ. ಮಗು ಬೆಳೆದ ಹಾಗೆ ಬಿಚ್ಚಿ ಅಗಲ ಮಾಡಬಹುದು. ಹುಟ್ಟಿದಾಗಿನಿಂದ ಈ ತುಂಡುಬಟ್ಟೆಗಳ ನಡುವೆಯೇ ಉರುಳಾಡಿದವಳಿಗೆ ಇದು ಗೊತ್ತಿಲ್ಲವೇ?

“ಯಾಕೆ, ಇಷ್ಟಕ್ಕೇ ನಿಂತುಬಿಡ್ತೀಯಾ?” ಎಂದು ರೇಗಿಸಿದೆ. ಅವಳು ನನ್ನ ಕೈಯಲ್ಲಿದ್ದ ಟೇಪನ್ನು ತಳ್ಳಿ ಒಳಗೆ ಹೋದಳು.

ಮಧ್ಯಾಹ್ನ ಗುಂಡಿ ಹುಡುಕಲು ತುಂಡುಬಟ್ಟೆಯ ಡಬ್ಬಿಗೆ ಕೈ ಹಾಕಿದೆ. ತಳದಲ್ಲಿ ಪುಟ್ಟದೊಂದು ಮೆತ್ತೆ ಸಿಕ್ಕಿತು. ದುಂಡಗಿತ್ತು, ಹತ್ತಿ ತುಂಬಿತ್ತು, ಅಂಚಿನ ಹೊಲಿಗೆ ಸೊಟ್ಟಗಿತ್ತು. ಗೊಂಬೆಯ ದಿಂಬಿರಬೇಕು ಎಂದುಕೊಂಡೆ. ಮರುಗಳಿಗೆ ಅದರ ಹಿಂದಿನ ಎರಡು ಪಟ್ಟಿ ಕಂಡವು. ಅಂಥ ಪಟ್ಟಿ ಇಡುವುದು ನಾನೊಬ್ಬಳೇ. ಎರಡು ವರ್ಷದ ಹಿಂದೆ ಗಂಟಾಯಿತೆಂದು ನನ್ನ ಎಡಗಡೆಯ ಮೊಲೆ ತೆಗೆದರು. ಅಂದಿನಿಂದ ಒಳಂಗಿಗೆ ಸಿಕ್ಕಿಸಿಕೊಳ್ಳುವ ಮೆತ್ತೆಯನ್ನು ನಾನೇ ಹೊಲಿದುಕೊಳ್ಳುತ್ತೇನೆ. ಇದು ಅದರ ಪಡಿಯಚ್ಚು, ಗಾತ್ರ ಮಾತ್ರ ಮಗುವಿನದು.

ಕಡ್ಡಿ ಒಳಕೋಣೆಯಲ್ಲಿ ಹೊಲಿದ ಅಂಗಿಗಳನ್ನು ಮಡಚುತ್ತಿದ್ದಳು. ಮೆತ್ತೆಯನ್ನು ಮುಂದಿಟ್ಟು, “ಗಂಟು ಎಲ್ಲಿದೆ?” ಎಂದು ಕೇಳಿದೆ.

ಅವಳು ಎದೆಯ ಎಡಗಡೆ ಅಂಗಿಯ ಮೇಲೆ ಬೆರಳಿಟ್ಟಳು. “ಗಟ್ಟಿ ಗಂಟು. ಮುಟ್ಟಿದ್ರೆ ನೋಯತ್ತೆ. ಒಂದೇ ಕಡೆ ಇದೆ, ನಿಂಗೆ ಬಂದ ಕಡೆನೇ. ಅಮ್ಮಂಗೆ ಹೇಳ್ಬೇಡ ಚಿಕ್ಕಮ್ಮ. ನಿನ್ನ ಆಪರೇಷನ್ ದಿನ ಅವಳು ಎಷ್ಟು ಅತ್ಲು ಅಂತ ನಂಗೊತ್ತು.”

ಅಯ್ಯೋ, ನನ್ನ ಕೂಸೇ! ಇನ್ನು ತಾನು ಬೆಳೆಯುವುದೇ ಇಲ್ಲ ಎಂದುಕೊಂಡು ಈ ಹುಡುಗಿ ಬಟ್ಟೆ ಬಿಡಬೇಡ ಎಂದದ್ದು.

ಈ ವಯಸ್ಸಿನ ಗಂಟು ಏನೆಂದು ನನಗೆ ಗೊತ್ತಿಲ್ಲದ್ದೇನಲ್ಲ. “ದೊಡ್ಡವಳಾಗ್ತಿದ್ದೀಯ, ಅಷ್ಟೇ ಕಣೇ. ನಂಗೂ ಹೀಗೇ ಶುರುವಾಗಿತ್ತು, ನಿಮ್ಮಮ್ಮಂಗೂ ಹೀಗೇ,” ಎಂದೆ.

“ನಿಂಗೂ ಮೊದ್ಲು ಏನಿಲ್ಲ ಅಂತಾನೇ ಅಂದಿದ್ರು.”

ಅವಳು ಹೇಳಿದ್ದು ನಿಜ. ಗೊತ್ತಿದ್ದದ್ದೆಲ್ಲ ಆ ಗಳಿಗೆ ಕೈಕೊಟ್ಟು, ನನಗೂ ಹೆದರಿಕೆಯಾಯಿತು. ಅಕ್ಕನಿಗೆ ವಿಷಯ ಹೇಳಿದೆ. ಅವಳು ಕತ್ತರಿಯನ್ನು ಬಟ್ಟೆಯ ಮೇಲೇ ಬಿಟ್ಟು ಎದ್ದಳು. ಅಂಗಡಿಗೆ ಬೀಗ ಹಾಕಿ ಮೂವರೂ ಡಾಕ್ಟರಮ್ಮನ ಹತ್ತಿರ ಹೋದೆವು.

ಡಾಕ್ಟರಮ್ಮ ಪರೀಕ್ಷೆ ಮಾಡಿ ಕಡ್ಡಿಯ ಎದುರಿಗೇ ಕುರ್ಚಿ ಎಳೆದುಕೊಂಡು ಕೂತರು. “ಇದು ಕಾಯಿಲೆ ಅಲ್ಲ ಪುಟ್ಟಿ, ಬೆಳವಣಿಗೆ. ಎದೆ ಮೂಡೋದು ಹೀಗೇನೇ. ಎಷ್ಟೋ ಜನಕ್ಕೆ ಒಂದು ಕಡೆ ಮೊದ್ಲು ಬರತ್ತೆ, ಆಮೇಲೆ ಇನ್ನೊಂದು ಕಡೆ. ಇನ್ಮೇಲೆ ಎತ್ತರಾನೂ ಸರಸರ ಏರ್ತೀಯ ನೋಡು.”

“ಮತ್ತೆ ಚಿಕ್ಕಮ್ಮಂಗೆ ಬಂದಿದ್ದು?”

“ಅದೇ ಬೇರೆ, ಇದೇ ಬೇರೆ.”

“ಇನ್ನೊಂದ್ಸಲ ಹೇಳಿ,” ಎಂದಳು ಕಡ್ಡಿ. ಅವರು ಬೇಸರವಿಲ್ಲದೆ ಇನ್ನೊಮ್ಮೆ ಹೇಳಿದರು.

ಹೊರಗೆ ಬಂದು ಅಕ್ಕ ಮೆಟ್ಟಿಲ ಮೇಲೇ ಕೂತು ಅತ್ತುಬಿಟ್ಟಳು. ಅವಳನ್ನು ಸಮಾಧಾನ ಮಾಡಲು ಕೂತ ನಾನೂ ಅತ್ತೆ. ಎದೆಯ ಮೇಲಿನ ಬಂಡೆ ಇಳಿದಂತಾಗಿತ್ತು. ಕಡ್ಡಿ ನಮ್ಮಿಬ್ಬರ ಮುಂದೆ ನಿಂತು, “ಅಳೋದು ಮುಗೀತಾ? ನಂಗೆ ಹಸಿವಾಗ್ತಿದೆ,” ಎಂದಳು. ಎಷ್ಟೋ ದಿನದಿಂದ ತಟ್ಟೆಯಲ್ಲಿ ಬೆರಳಾಡಿಸಿ ಏಳುತ್ತಿದ್ದವಳು!

ಅಂಗಡಿಗೆ ಬಂದ ಕೂಡಲೇ ಆ ಮೆತ್ತೆಯ ಪಟ್ಟಿ ಕತ್ತರಿಸಿ, ಮೆಷಿನ್ನಿನ ಪಕ್ಕ ಇಟ್ಟು, ನನ್ನ ಸೂಜಿಗಳನ್ನೆಲ್ಲ ಅದಕ್ಕೆ ಚುಚ್ಚಿದೆ. ಕಡ್ಡಿ ಕೈ ಅಗಲಿಸಿ ಟೇಪಿನ ಮುಂದೆ ನಿಂತಳು.

“ಒಳಗೆ ಎಷ್ಟು ಬಟ್ಟೆ ಬಿಡ್ತೀಯ?”

“ಎಲ್ಲರಿಗೂ ಬಿಡೋ ಹಾಗೆ, ಎರಡು ಬೆರಳು.”

“ನಂಗೆ ನಾಲ್ಕು ಬಿಡು.”

ನಾಲ್ಕೇ ಬಿಟ್ಟೆ. ಪಕ್ಕದಲ್ಲಿ ಅಂಗಿ ದಪ್ಪಗೆ ಉಬ್ಬಿಕೊಂಡಿತು. ಅಷ್ಟು ಅಸಡ್ಡಾಳ ಹೊಲಿಗೆಯನ್ನು ನಾನು ಜನ್ಮದಲ್ಲಿ ಹಾಕಿರಲಿಲ್ಲ, ಅಷ್ಟು ಖುಷಿಯಿಂದಲೂ ಹಾಕಿರಲಿಲ್ಲ.