ಸ್ಪ್ರಿಂಗಿನೊಳಗಿನ ಮೂರಾಳು

ಇಪ್ಪತ್ತೆಂಟು ವರ್ಷಗಳ ಹಿಂದೆ ಶೆಟ್ಟಿಕೆರೆಯ ಚಿಕ್ಕಣ್ಣನವರು ತೋಟದ ಬಾವಿಗೆ ಬಿದ್ದಿದ್ದ ಪಂಪಿನ ಮೋಟಾರನ್ನು ಮೂರು ದಿನ ಹೆಣಗಿ, ಬರಿಯ ತೆಂಗಿನ ನಾರಿನ ಹಗ್ಗದಿಂದ ಮೇಲೆತ್ತಿದ್ದರು. ಅಂಗೈ ಸುಲಿದು ರಕ್ತ ಒಸರಿದರೂ ಹಗ್ಗ ಬಿಟ್ಟಿರಲಿಲ್ಲ. ಅಂದಿನಿಂದ ನಾರಿನ ಹಗ್ಗದ ಮೇಲೆ ಅವರಿಗಿದ್ದಷ್ಟು ಭರವಸೆ ಬೇರೆ ಯಾವುದರ ಮೇಲೂ ಇರಲಿಲ್ಲ.

ಈಚೆಗೆ ಅವರ ಕಾರಿನ ಮುಂಭಾಗ ಪ್ರತಿ ಗುಂಡಿಗೂ ಲೊಟಕ್ಕೆಂದು ಸದ್ದು ಮಾಡತೊಡಗಿತ್ತು. ಹೊಸ ಶಾಕ್ ಅಬ್ಸಾರ್ಬರ್, ಹೊಸ ಸ್ಪ್ರಿಂಗ್ ತಂದರು. ಹಳೆಯದನ್ನು ಇಡಿಯಾಗಿ ಬಿಚ್ಚಿ ಅಂಗಳದಲ್ಲಿ ನಿಲ್ಲಿಸಿ, ಸ್ಪ್ರಿಂಗಿಗೆ ಏಳು ಸುತ್ತು ನಾರಿನ ಹಗ್ಗ ಬಿಗಿದರು. ಅದರ ಮೇಲೆ ಮುಖ ಬಾಗಿಸಿ, ಸ್ಪ್ರಿಂಗನ್ನು ಅದುಮಿ ಹಿಡಿದಿದ್ದ ನಡುವಿನ ನಟ್ಟಿಗೆ ಸ್ಪ್ಯಾನರ್ ಹಾಕುವಷ್ಟರಲ್ಲಿ ತಮ್ಮನ ಮಗಳು ನಯನ ಬಂದಳು. ತುರುವೇಕೆರೆಯ ಗ್ಯಾರೇಜೊಂದರಲ್ಲಿ ಆಕೆ ಮೆಕ್ಯಾನಿಕ್.

“ದೊಡ್ಡಪ್ಪಾ, ಕೈ ತೆಗೀರಿ! ಆ ನಟ್ ಮುಟ್ಬೇಡಿ!”

“ಯಾಕವ್ವ? ಏಳು ಸುತ್ತು ಸುತ್ತಿವ್ನಿ. ಈ ಹಗ್ಗ ಜಪ್ಪಯ್ಯ ಅಂದ್ರೂ ಬುಡಾಕಿಲ್ಲ.”

“ನೀವು ಬುಡಲ್ಲ ದೊಡ್ಡಪ್ಪ, ಹಗ್ಗ ಬುಡ್ತದೆ. ಮೋಟಾರಿನ ಭಾರ ಸುಮ್ನೆ ಜಗ್ತದೆ. ಇದು ಚಿಮ್ತದೆ.”

ಚಿಕ್ಕಣ್ಣನವರ ಹೆಂಡತಿ ಚಿಕ್ಕಗೌರಮ್ಮ ಜಗಲಿಯಿಂದಲೇ ದನಿಗೂಡಿಸಿದರು. “ನಾನೂ ಬೆಳಗ್ಗಿಂದ ಬಡ್ಕೊಂಡೆ ಕಣೇ. ನನ್ ಮಾತು ಯಾವತ್ ಕೇಳವ್ರೆ?”

ನಯನ ಮೊದಲು ಕಾರು ಬರಿಯ ಜಾಕಿನ ಮೇಲಲ್ಲ, ಸ್ಟ್ಯಾಂಡಿನ ಮೇಲೆ ನಿಂತಿದೆಯೆಂದು ನೋಡಿಕೊಂಡಳು. ಕಣ್ಣು ಕಾಯುವ ಕನ್ನಡಕ ಹಾಕಿಕೊಂಡಳು. ಗ್ಯಾರೇಜಿನಿಂದ ತರಿಸಿದ ಸ್ಪ್ರಿಂಗ್ ಕಂಪ್ರೆಸರನ್ನು, ಎಂದರೆ ಕೊಕ್ಕೆಗಳುಳ್ಳ ಎರಡು ಉದ್ದನೆಯ ತಿರುಪುಗಳನ್ನು, ಎದುರುಬದುರಾಗಿ ಸಿಕ್ಕಿಸಿ, ಇತ್ತ ಒಂದಿಷ್ಟು ಅತ್ತ ಒಂದಿಷ್ಟು ಸಮನಾಗಿ ಬಿಗಿದಳು. ಸ್ಪ್ರಿಂಗ್ ಕುಗ್ಗಿ, ಕೂತಲ್ಲೇ ಸಡಿಲಾಗಿ ಕೈಗೆ ಅಲ್ಲಾಡಿದ ಮೇಲೆಯೇ ಹಗ್ಗ ಬಿಚ್ಚಿ, ಪಕ್ಕಕ್ಕೆ ಸರಿದು ನಿಂತು ನಟ್ ತೆಗೆದಳು. ಆಮೇಲೆ ತಿರುಪುಗಳನ್ನು ಮೆಲ್ಲಮೆಲ್ಲನೆ ಸಡಿಲಿಸಿದಳು.

ಸ್ಪ್ರಿಂಗ್ ಎದ್ದು ನಿಲ್ಲತೊಡಗಿತು. ಎರಡು ಬೆರಳು, ನಾಲ್ಕು ಬೆರಳು, ಆರು ಬೆರಳು. ಚಿಕ್ಕಣ್ಣನವರು ಎಣಿಸುತ್ತ ನಿಂತರು.

“ಈಗ ಅದನ್ನ ಅಮುಕಿ ನೋಡಿ,” ಎಂದಳು ನಯನ.

ಚಿಕ್ಕಣ್ಣನವರ ಕೈಗೆ ಅದು ಬಗ್ಗಲಿಲ್ಲ. ಅವಳ ಹೆಗಲು ಹಿಡಿದು ಮೈಭಾರವನ್ನೆಲ್ಲ ಬಿಟ್ಟು ಅದರ ಮೇಲೆಯೇ ಕುಳಿತರು. ಎರಡೇ ಬೆರಳು ತಗ್ಗಿತು.

“ಅಷ್ಟು ಮುದ್ದೆ ತಿಂದಿದ್ದಕ್ಕೆ ಇಷ್ಟೇನಾ?” ಎಂದು ನಕ್ಕರು ಚಿಕ್ಕಗೌರಮ್ಮ.

ಚಿಕ್ಕಣ್ಣನವರು ನಗಲಿಲ್ಲ. ಅವರ ಭಾರಕ್ಕೆ ಎರಡು ಬೆರಳಾದರೆ, ಆರು ಬೆರಳಿಗೆ ಅವರಂಥ ಮೂವರು. ಮೂರಾಳಿನ ಬಲ ಆ ಗೇಣುದ್ದದ ಕಬ್ಬಿಣದೊಳಗೆ ಸದ್ದಿಲ್ಲದೆ ಮುದುಡಿ ಕುಳಿತಿತ್ತು. ತಾವು ಅದರ ಬಾಗಿಲ ಮುಂದೆ ಮುಖವಿಟ್ಟಿದ್ದರು. ಕೈ ತಾನಾಗಿ ಕಣ್ಣಿನತ್ತ ಹೋಯಿತು.

“ಅಬ್ಬಬ್ಬಾ! ಇಂಥದನ್ನ ಕಾಲಡಿ ಇಟ್ಕಂಡು ವರ್ಷಗಟ್ಲೆ ಓಡಾಡಿವ್ನಲ್ಲವ್ವ!”

ಸಂಜೆಯೊಳಗೆ ನಯನ ಮುಂದಿನ ಎರಡೂ ಕಡೆ ಹೊಸದನ್ನು ಕೂರಿಸಿದಳು. ಹೊರಡುವ ಮುನ್ನ ಕೇಳಿದಳು. “ಈಗ ಹೇಳಿ, ಏನ್ ಮಾಡ್ಬಾರ್ದು?”

“ಕಂಪ್ರೆಸರ್ ಹಾಕ್ದೆ ನಡುವಿನ ನಟ್ ಮುಟ್ಬಾರ್ದು.”

“ಇನ್ನೊಂದ್ಸಲ ಹೇಳಿ ದೊಡ್ಡಪ್ಪ. ದೊಡ್ಡವ್ವನಿಗೂ ಕೇಳಿಸ್ಲಿ.”

ಅವರು ಗಟ್ಟಿಯಾಗಿ ಹೇಳಿದರು.

ಕಾರಿರುವ ಬಂಧುಗಳೇ, ನೀವೂ ಒಮ್ಮೆ ಗಟ್ಟಿಯಾಗಿ ಹೇಳಿಕೊಳ್ಳಿ. ಬರಿಯ ಜಾಕನ್ನು ನಂಬಿ ಕಾರಿನಡಿ ಕೈಯಿಡಬೇಡಿ. ಹಗ್ಗ, ತಂತಿಗಳಿಂದ ಸ್ಪ್ರಿಂಗ್ ಕಟ್ಟಬೇಡಿ. ಎರಡೂ ಕಡೆಯದನ್ನು ಒಟ್ಟಿಗೆ ಬದಲಿಸಿ, ಚಕ್ರದ ಅಲೈನ್‌ಮೆಂಟ್ ಮಾಡಿಸಿ. ಸಲಕರಣೆಯೋ ಅನುಭವವೋ ಇಲ್ಲದಿದ್ದರೆ ಬಲ್ಲವರ ಕೈಗೆ ಕೊಡಿ. ಕಾರಿಗೆ ಬಿಡಿಭಾಗ ಅಂಗಡಿಯಲ್ಲಿ ಸಿಗುತ್ತದೆ. ನಿಮ್ಮ ಕಣ್ಣಿಗೆ ಬದಲಿ ಸಿಗುವುದಿಲ್ಲ.