ಬಿಳಿ ಟೇಪು ಸುತ್ತಿದ ನಟ್ಟು

ಹೋಟೆಲು ನಡೆಸುವವನಿಗೆ ಬಿಳಿ ಟೇಪು ಅಂದರೆ ಅರ್ಧ ದೇವರು. ಇಡ್ಲಿ ಸ್ಟೀಮರಿನ ಪೈಪು ಸೋರಲಿ, ಕೈ ತೊಳೆಯುವ ನಲ್ಲಿ ತೊಟ್ಟಿಕ್ಕಲಿ, ಥ್ರೆಡ್ಡಿಗೆ ನಾಲ್ಕು ಸುತ್ತು ಟೇಪು ಸುತ್ತಿ ಬಿಗಿದರೆ ಮುಗಿಯಿತು. ದೆಹಲಿಯ ಮುನಿರ್ಕಾದಲ್ಲಿ ಮೂವತ್ತೊಂದು ವರ್ಷ ಹೋಟೆಲು ನಡೆಸಿದ ಈ ಮೋನಪ್ಪ ಒಬ್ಬ ಪ್ಲಂಬರನನ್ನೂ ಅಡುಗೆಮನೆಗೆ ಬಿಟ್ಟವನಲ್ಲ. ಅದೇ ಜಂಬದಲ್ಲಿ ನನ್ನ ಕಾರಿನ ಬ್ರೇಕ್ ಪೈಪಿಗೂ ಟೇಪು ಸುತ್ತಿಬಿಟ್ಟೆ.

ಕಾರು ಸಾವಿರದ ಒಂಬೈನೂರ ಐವತ್ತಾರರ ಮಾರಿಸ್ ಮೈನರ್. ನಮ್ಮಲ್ಲಿ ದಿನಾ ಮಸಾಲೆ ದೋಸೆ ತಿನ್ನುತ್ತಿದ್ದ ಪ್ರೊಫೆಸರೊಬ್ಬರು ನಿವೃತ್ತರಾಗಿ ಊರಿಗೆ ಹೊರಟಾಗ ಕೊಟ್ಟು ಹೋದದ್ದು. ಬ್ರೇಕಿನ ಪೈಪು ಅದರ ಅಡಿಯಲ್ಲಿ ಬಂದು, ಹೆಬ್ಬೆರಳಿನಷ್ಟಿರುವ ಒಂದು ಹಿತ್ತಾಳೆ ತುಂಡಿನಲ್ಲಿ ಕವಲೊಡೆಯುತ್ತದೆ. ಮೂರು ಬಾಯಿಯ ಆ ತುಂಡು ಬಿರುಕು ಬಿಟ್ಟಿತ್ತು. ಕಶ್ಮೀರಿ ಗೇಟಿನ ಬಜಾರು ಸುತ್ತಿ ಸುತ್ತಿ, ಕೊನೆಗೆ ಈಗಿನ ಕಾರುಗಳದ್ದೊಂದು ತಂದೆ. ಹಳೆ ಪೈಪಿನ ನಟ್ಟು ಅದರೊಳಗೆ ಹೋಯಿತು, ಆದರೆ ಚೂರು ಅಲ್ಲಾಡುತ್ತಿತ್ತು. ನಾಲ್ಕರ ಬದಲು ಎಂಟು ಸುತ್ತು ಟೇಪು ಸುತ್ತಿದೆ. ಅಲ್ಲಾಟ ನಿಂತಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಗಳು ನಿಶ್ಮಿತಾ ಗುರುಗ್ರಾಮದ ಆಫೀಸಿಗೆ ಮೆಟ್ರೋದಲ್ಲಿ ಹೋಗಿಬರುವವಳು. ಅಲ್ಲೇ ನಡೆಯಲಿದ್ದ ಹಳೆ ಕಾರುಗಳ ಮೇಳದಲ್ಲಿ ಮಾರಿಸನ್ನು ತಾನೇ ಓಡಿಸಬೇಕೆಂದು ಎರಡು ತಿಂಗಳು ಬೆಳಗಿನ ಜಾವ ಎದ್ದು ಕಲಿತಿದ್ದಳು. ಟೇಪು ಸುತ್ತಿದ ಮರುದಿನ ಭಾನುವಾರ ಅವಳ ಕೈಗೆ ಕಾರು ಕೊಟ್ಟು ಪಕ್ಕದಲ್ಲಿ ಕೂತೆ. ನಮ್ಮ ಹೋಟೆಲಿನ ಎದುರಿನ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಅವಳು ಬ್ರೇಕ್ ಒತ್ತಿದಳು, ಕಾರು ನಿಲ್ಲಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದು ಪಕ್ಕಕ್ಕೆ ತಿರುಗಿಸಿದಳು, ಆದರೂ ಮುಂದಿದ್ದ ಆಟೋಗೆ ಬಂಪರ್ ತಗುಲಿತು. ಯಾರಿಗೂ ಏಟಾಗಲಿಲ್ಲ. ನಾನು ಮಾತ್ರ ಇಳಿದು, ಹೋಟೆಲಿನವರು, ಗಿರಾಕಿಗಳು, ದಾರಿಹೋಕರು ಎಲ್ಲರ ಎದುರು, ಕಾಲು ಎಲ್ಲಿಟ್ಟಿದ್ದಿ, ಇನ್ನು ಈ ಸ್ಟೇರಿಂಗ್ ಮುಟ್ಟಬೇಡ ಎಂದು ಹಿಂದಿಯಲ್ಲೂ ಕನ್ನಡದಲ್ಲೂ ಬೈದೆ. ಅವಳು ಕೀಲಿ ನನ್ನ ಕೈಗಿಟ್ಟು ಹೋಟೆಲಿನ ಒಳಗೆ ಹೋದಳು.

ಅವತ್ತು ಸಂಜೆ ಕಾರಿನ ಅಡಿಗೆ ನುಸುಳಿ ನೋಡಿದೆ. ಟೇಪಿನ ಅಂಚು ಒದ್ದೆ. ಬ್ರೇಕ್ ಆಯಿಲ್ ತೊಟ್ಟಿಕ್ಕುತ್ತಿತ್ತು. ಬಟ್ಟೆಯಲ್ಲಿ ಒರೆಸಿ ಎದ್ದು ಬಂದೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ಹಾಗೆ ಹನ್ನೆರಡು ನಾಳೆಗಳು ಕಳೆದವು. ಅಷ್ಟರಲ್ಲಿ ಅವಳು ತಾಯಿಯ ಹತ್ತಿರ ಪೆಡಲಿನಿಂದ ತನ್ನ ಕಾಲೇ ಜಾರಿರಬೇಕು ಅಂದಿದ್ದಳು, ಮೇಳದವರಿಗೆ ಕಾರು ಪಪ್ಪ ಓಡಿಸುತ್ತಾರೆ ಎಂದು ತಿಳಿಸಿದ್ದಳು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುತ್ತಿದ್ದವಳು ಅವಳು.

ಸೋರುವ ಆ ತುಂಡನ್ನು ಬದಲಾಯಿಸಲೇಬೇಕಿತ್ತು. ಸೋರಿಕೆಯ ಮಾತೆತ್ತದೆ, ಬ್ರೇಕಿನ ಒಂದು ತುಂಡು ಹಳತಾಗಿದೆ, ಬದಲಾಯಿಸಬೇಕು ಎಂದಷ್ಟೇ ಮನೆಯಲ್ಲಿ ಹೇಳಿದೆ. ನಿಶ್ಮಿತಾ ಯಾರ‍್ಯಾರನ್ನೋ ಕೇಳಿ ಓಖ್ಲಾದ ಶಮೀಮುದ್ದೀನ್ ಉಸ್ತಾದರ ವಿಳಾಸ ಹಿಡಿದಳು. ಅವಳ ಜಾಗದಲ್ಲಿ ನಾನಿದ್ದರೆ, ಸ್ಟೇರಿಂಗ್ ಮುಟ್ಟಬೇಡ ಅಂದವನ ಕಾರಿಗೆ ಇಷ್ಟು ಓಡಾಡುವುದು ನನ್ನಿಂದ ಆಗುತ್ತಿರಲಿಲ್ಲ. ಬಿಚ್ಚಿದ ತುಂಡನ್ನೂ ನಟ್ಟಿರುವ ಪೈಪನ್ನೂ ಹಿಡಿದು ನಾನು ಹೊರಟಾಗ, ಶುಕ್ರವಾರ ರಜೆ ಹಾಕಿ ನನ್ನ ಜೊತೆ ಬಂದಳು. ಮೇಳಕ್ಕೆ ಎರಡೇ ದಿನ ಉಳಿದಿತ್ತು.

ಬಟ್ಟೆ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ಉಸ್ತಾದರ ಅಂಗಡಿ. ಒಂದು ಲೇತ್ ಮೆಷಿನ್ನು, ಒಂದು ಕಿಟಕಿ, ಎಪ್ಪತ್ತು ದಾಟಿದ ಒಬ್ಬ ಮನುಷ್ಯ. ಅವರು ಅಳತೆಯ ಸಾಮಾನು ಮುಟ್ಟಲಿಲ್ಲ. ಕಣ್ಣು ಮುಚ್ಚಿ, ನಟ್ಟನ್ನು ಎರಡೇ ಬೆರಳಿನಲ್ಲಿ ತುಂಡಿನೊಳಗೆ ತಿರುಗಿಸಿದರು. ಒಂದೂವರೆ ಸುತ್ತಿಗೆ ಕೈ ನಿಂತಿತು. ನಟ್ಟು ಇಂಚಿನದ್ದು, ತುಂಡು ಮಿಲಿಮೀಟರಿನದ್ದು, ಇವೆರಡೂ ಕೈ ಕುಲುಕುತ್ತವೆ, ಸಂಸಾರ ಮಾಡುವುದಿಲ್ಲ ಅಂದರು. ಆಮೇಲೆ ಥ್ರೆಡ್ಡಿನ ಸಂದಿಯಿಂದ ಉಗುರಿನಲ್ಲಿ ಬಿಳಿ ಎಳೆಯೊಂದನ್ನು ಎಬ್ಬಿಸಿದರು. ಬ್ರೇಕ್ ಪೈಪು ಸೋರದಂತೆ ತಡೆಯುವುದು ಅದರ ಅರಳಿಸಿದ ಬಾಯಿ, ಥ್ರೆಡ್ಡಲ್ಲ, ಇಲ್ಲಿ ಟೇಪು ಹಾಕಿದರೆ ತಪ್ಪು ಮುಚ್ಚಿಹೋಗುತ್ತದೆ ಅಷ್ಟೆ ಎಂದು ವಿವರಿಸಿ, ಇದನ್ನು ಸುತ್ತಿದವರು ಯಾರು ಎಂದು ಕೇಳಿದರು.

ಯಾರೋ ಮೆಕ್ಯಾನಿಕ್ ಅಂದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ, ದನಿ ನನ್ನ ಕಿವಿಗೇ ಬೇರೆ ಕೇಳಿಸಿತು.

ಉಸ್ತಾದರು ಕೈಯಲ್ಲಿದ್ದುದನ್ನು ಕೆಳಗಿಟ್ಟರು. ಹಾಗಾದರೆ ನಾನು ಮಾಡಿಕೊಡುವುದಿಲ್ಲ ಅಂದರು. ಒಂದು ಕಡೆ ಹೀಗೆ ಮಾಡಿದ ಮೆಕ್ಯಾನಿಕ್ ಎಲ್ಲ ಕಡೆ ಮಾಡಿರುತ್ತಾನೆ, ಕಾರು ತನ್ನಿ, ಪ್ರತಿ ಜೋಡಣೆ ಬಿಚ್ಚಿ ನೋಡಬೇಕು, ಹತ್ತು ದಿನ ಬೇಕು. ಮನೆಯವರೇ ಮಾಡಿದ್ದಾದರೆ ಇದೊಂದೇ ಜಾಗ, ಸಂಜೆಗೆ ಕೊಡುತ್ತೇನೆ. ಇಷ್ಟು ಹೇಳುವಾಗ ಅವರು ನೋಡಿದ್ದು ನನ್ನನ್ನೇ. ತುಂಡು ಮಾಡಿಕೊಟ್ಟು ಕಳಿಸಿದ್ದರೆ ಅವರನ್ನು ಕೇಳುವವರಾರು? ಕೇಳುವವರಿಲ್ಲದಿದ್ದರೂ ತಾನೇ ಕೇಳಿಕೊಳ್ಳುವ ಮನುಷ್ಯನನ್ನು ನಾನು ಹತ್ತಿರದಿಂದ ನೋಡಿದ್ದು ಅವತ್ತೇ. ಕೈ ಮುಗಿಯಬೇಕು ಅನ್ನಿಸಿತು, ಓಡಿಹೋಗಬೇಕು ಅಂತಲೂ ಅನ್ನಿಸಿತು.

ನಿಶ್ಮಿತಾ ಹಿಂದಿಯಲ್ಲಿ ನನ್ನ ಪರವಾಗಿ ವಾದಕ್ಕಿಳಿದಳು. ನಮ್ಮ ಪಪ್ಪ ಬ್ರೇಕಿನ ವಿಷಯದಲ್ಲಿ ತುಂಬ ಕಟ್ಟುನಿಟ್ಟು, ನಾನು ಒಮ್ಮೆ ತಪ್ಪು ಮಾಡಿದ್ದಕ್ಕೇ ನನಗೆ ಕಾರು ಕೊಡುವುದನ್ನು ಬಿಟ್ಟರು ಅಂದಳು. ಅದನ್ನು ಕೇಳಿಕೊಂಡು ನಿಲ್ಲಲು ನನ್ನಿಂದಾಗಲಿಲ್ಲ.

"ಟೇಪು ಸುತ್ತಿದ್ದು ನಾನು ಮಗಾ. ಅವತ್ತು ನಿನ್ನ ಕಾಲು ಸರಿಯಾಗೇ ಇತ್ತು. ಬ್ರೇಕೇ ಇರ್ಲಿಲ್ಲ."

ಉಸ್ತಾದರಿಗೆ ಕನ್ನಡ ಬಾರದು. ನಮ್ಮಿಬ್ಬರ ಮುಖ ನೋಡಿ ಲೇತ್ ಶುರು ಮಾಡಿದರು. ಹಿತ್ತಾಳೆಯ ಸುರುಳಿ ಬಿದ್ದಂತೆ ತುಂಡಿಗೆ ಆಕಾರ ಬಂತು. ಒಂದು ಮಾಡಿದರು, ನಟ್ಟು ತಿರುಗಿಸಿ ನೋಡಿ ಬದಿಗೆ ಎಸೆದರು. ನನಗೆ ಅದರಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಇನ್ನೊಂದನ್ನು ಮೊದಲಿಂದ ಶುರು ಮಾಡಿದರು. ಅದರಲ್ಲಿ ನಟ್ಟು ಕಡೆಯ ಸುತ್ತಿನವರೆಗೂ ಅಲ್ಲಾಡದೆ ಇಳಿಯಿತು. ಆ ಕೈಯನ್ನು ನಾನು ಎಷ್ಟು ಹೊತ್ತು ಬೇಕಾದರೂ ನೋಡುತ್ತಿದ್ದೆ.

ಮಗಳು ಅಷ್ಟು ಹೊತ್ತೂ ಕಿಟಕಿಯ ಹತ್ತಿರ ನಿಂತಿದ್ದಳು. ಕೊನೆಗೆ, ನಿಮಗೆ ಯಾವಾಗ ಗೊತ್ತಾಯಿತು ಎಂದು ಕೇಳಿದಳು. ಅವತ್ತೇ ಸಂಜೆ ಅಂದೆ.

"ಹನ್ನೆರಡು ದಿನ ನಾನು ನನ್ನ ಕಾಲನ್ನೇ ಡೌಟ್ ಮಾಡ್ತಾ ಇದ್ದೆ, ಪತಾ ಹೈ? ಬೈದಿದ್ದು ಎಲ್ಲರ ಎದುರು. ಇಲ್ಲಿ ಯಾರಿಗೂ ಅರ್ಥ ಆಗದ ಭಾಷೇಲಿ ಹೇಳಿದ್ರೆ ಸಾಲಲ್ಲ ಪಪ್ಪಾ."

ಶನಿವಾರ ಬೆಳಿಗ್ಗೆ ತುಂಡನ್ನು ಅವಳೇ ಕಾರಿನ ಅಡಿಗೆ ಮಲಗಿ ಜೋಡಿಸಿದಳು. ಅವಳು ಹೇಳಿದಾಗಲೆಲ್ಲ ನಾನು ಪೆಡಲ್ ಒತ್ತಿದೆ. ಪೈಪಿನೊಳಗಿನ ಗಾಳಿಯೆಲ್ಲ ಹೋದ ಮೇಲೆ ಪೆಡಲು ಕಲ್ಲಿನ ಹಾಗೆ ನಿಂತಿತು. ಆಮೇಲೆ ಹೋಟೆಲಿಗೆ ಬಂದೆ. ತಿಂಡಿಯ ಹೊತ್ತು, ಒಂದು ಕುರ್ಚಿಯೂ ಖಾಲಿಯಿರಲಿಲ್ಲ. ಕ್ಯಾಶಿನಿಂದ ಎದ್ದು ನಿಂತು ಹಿಂದಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದೆ. ಅವತ್ತು ಸಿಗ್ನಲ್ಲಿನಲ್ಲಿ ತಪ್ಪು ನನ್ನದು. ಬ್ರೇಕ್ ಕೆಡಿಸಿದವನು ನಾನು. ಅದು ಗೊತ್ತಾದ ಮೇಲೂ ಸುಮ್ಮನಿದ್ದೆ. ಆಟೋದವನನ್ನೂ ನನ್ನನ್ನೂ ಉಳಿಸಿದವಳು ನನ್ನ ಮಗಳು. ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ಪುಷ್ಪಾವತಿ ಸೌಟು ಹಿಡಿದು ನಿಂತಿದ್ದಳು. ಆಮೇಲೆ ಮೂಲೆಯಿಂದ ಯಾರೋ ಸಾಂಬಾರ್ ಕೇಳಿದರು.

ನಿಶ್ಮಿತಾ ನನ್ನ ಹತ್ತಿರ ಬಂದಳು. ಮುಖದಲ್ಲಿ ನಗುವಿರಲಿಲ್ಲ, ಕಣ್ಣು ಮಾತ್ರ ಒದ್ದೆಯಾಗಿತ್ತು.

"ನಾಳೆ ಓಡಿಸೋದು ನಾನು. ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ಮಾತಾಡ್ಬೇಡಿ."

ಗುರುಗ್ರಾಮ ತಲುಪುವವರೆಗೂ ನಾನು ಬಾಯಿ ಬಿಡಲಿಲ್ಲ. ದಾರಿಯ ಪ್ರತಿ ಸಿಗ್ನಲ್ಲಿನಲ್ಲೂ ಅವಳು ಕಾರನ್ನು ಗೆರೆಯ ಹಿಂದೆಯೇ ನಿಲ್ಲಿಸಿದಳು.