ಗಾಯರಾಣದಲ್ಲಿ ದನ ಇರಲಿಲ್ಲ

ಬೀದರಿನ ನಮ್ಮ ಓಣಿಯ ಗಾಯರಾಣ ಹೋದದ್ದು ನನ್ನ ಜಾಣತನದಿಂದ. ಓಣಿಯವರು ಸರ್ಕಾರವನ್ನು ಬೈಯುತ್ತಾರೆ. ನಾನೂ ದನಿಗೂಡಿಸುತ್ತೇನೆ, ಒಳಗೊಳಗೇ ನನ್ನನ್ನೇ ಬೈದುಕೊಳ್ಳುತ್ತೇನೆ.

ಊರ ಹೊರಗೆ ಹುಲ್ಲು, ಜಾಲಿಮರ, ಒಂದು ನೀರಿನ ಹೊಂಡ ಇದ್ದ ಜಾಗ ಅದು. ಓಣಿಯ ಇನ್ನೂರು ದನಗಳ ಮೇವಿಗೆಂದು ನಿಜಾಮನ ಕಾಲದಲ್ಲೇ ಕಾಯ್ದಿರಿಸಿದ್ದರು. ಅಲ್ಲಿ ನೇಗಿಲು ಹೂಡುವಂತಿರಲಿಲ್ಲ, ಗೋಡೆ ಎಬ್ಬಿಸುವಂತಿರಲಿಲ್ಲ. ನನ್ನ ನಾಲ್ಕು ಎಮ್ಮೆ, ಹಿಂದಿನ ಮನೆಯ ಮುನ್ನಿಬೀಯ ಹನ್ನೊಂದು ಆಡು ಅಲ್ಲೇ ಮೇಯುತ್ತಿದ್ದವು. ಗಂಡ ಸತ್ತ ಮೇಲೆ ಆಡಿನ ಹಾಲು ಮಾರಿಯೇ ಅವಳ ಒಲೆ ಉರಿಯುತ್ತಿತ್ತು.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮೂರನೇ ತಿಂಗಳು, ಹೊಸ ಕಂದಾಯ ಸಾಹೇಬರು ಊರೂರು ಸುತ್ತುವ ದೌರಾಕ್ಕೆ ಬರುತ್ತಾರೆಂದು ಸುದ್ದಿ ಬಂತು. ಯಾಕೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಮಗೆ ದೌರಾ ಎಂದರೆ ಒಂದೇ ಅರ್ಥ: ಜವಾನರು ಒಳ್ಳೆಯ ಆಡನ್ನು ಎಳೆದೊಯ್ಯುತ್ತಾರೆ, ಎತ್ತುಗಳನ್ನು ಬಿಟ್ಟಿ ಗಾಡಿಗೆ ಹೂಡುತ್ತಾರೆ. ಅದಕ್ಕೇ ಹಿಂದಿನ ದಿನವೇ ದನಗಳನ್ನೆಲ್ಲ ದಿಬ್ಬದ ಕೆಳಗಿನ ಹಳ್ಳಕ್ಕೆ ಇಳಿಸಿಬಿಡುವುದು ನಮ್ಮಪ್ಪನ ಕಾಲದ ರೂಢಿ. ಈ ಸಲ ಮನೆಮನೆಗೆ ಹೋಗಿ ಹೇಳಿದವನು ನಾನೇ.

"ಗೋರಖಣ್ಣಾ, ನನ್ನ ಆಡ ಇಲ್ಲೇ ಇರಲಿ ಬಿಡ್ರಿ. ಈಗ ಸರ್ಕಾರ ಬ್ಯಾರಿ ಅದ," ಎಂದಳು ಮುನ್ನಿಬೀ.

"ಸರ್ಕಾರ ಬ್ಯಾರಿ, ಜವಾನರು ಅವರೇ ಅಲ್ಲೇನು? ನಿಂದೊಂದು ಆಡ ಕಂಡರ ಎಲ್ಲಾರ ದನ ಹುಡಕ್ತಾರ," ಎಂದು ಗದರಿದೆ. ಅವಳು ಆಡು ಹೊಡೆದುಕೊಂಡು ಹಳ್ಳಕ್ಕೆ ಹೋದಳು.

ಮರುದಿನ ಬಂದ ಸಾಹೇಬರು ಮೈಸೂರು ಕಡೆಯವರು. ಬುತ್ತಿ, ನೀರು ಎರಡನ್ನೂ ತಾವೇ ತಂದಿದ್ದರು. ನಾನು ಕೊಟ್ಟ ಚಹಾ ಸಹ ಮುಟ್ಟಲಿಲ್ಲ. ಇವರು ಆಡು ಎಳೆದೊಯ್ಯುವವರಲ್ಲ ಎಂದು ಆಗಲಾದರೂ ನನಗೆ ತಿಳಿಯಬೇಕಿತ್ತು.

ಗುಮಾಸ್ತ ಗಾಯರಾಣದಲ್ಲಿ ನಿಂತು ಅದರ ಹಳೆಯ ಉರ್ದು ಕಾಗದವನ್ನು ಓದಿ ಹೇಳಿದ. ಸಾಹೇಬರು ಸುತ್ತಲೂ ನೋಡಿ, "ಇನ್ನೂರು ದನ ಅಂತಿದೆ. ಒಂದೂ ಕಾಣ್ತಿಲ್ಲವಲ್ಲ?" ಎಂದರು.

"ಒಂದೂ ಇಲ್ಲರಿ, ಸಾಹೇಬರ," ಎಂದೆ ನಾನು.

"ಯೋಚನೆ ಮಾಡಿ ಹೇಳಿ. ಇಲ್ಲಿಗೆ ಮೇಯೋಕೆ ಏನೂ ಬರೋದಿಲ್ವಾ?"

"ಏನೂ ಇಲ್ಲರಿ."

ಬರೆದುಕೊಂಡರು. ಅದರ ಕೆಳಗೆ ಮೊದಲ ರುಜು ನನ್ನದು, ನನ್ನ ಹಿಂದೆ ನಾಲ್ವರದು. ಅವತ್ತು ಸಂಜೆ ಓಣಿಯಲ್ಲಿ ಎದೆಯುಬ್ಬಿಸಿ ತಿರುಗಿದೆ.

ಒಂದೂವರೆ ತಿಂಗಳಿಗೆ ಗಾಯರಾಣದ ತುಂಬ ಸುಣ್ಣದ ಗೆರೆಗಳು ಬಿದ್ದವು. ಹೊಸ ನೌಕರರಿಗೆ ಮನೆಗಳಂತೆ. ಕಚೇರಿಗೆ ಓಡಿದೆ. ಸಾಹೇಬರು ಸಿಟ್ಟಾಗಲಿಲ್ಲ, ದನ ಮೇಯದ ಖಾಲಿ ಜಾಗ ಎಂದು ಬರೆದ ಕಾಗದದಲ್ಲಿ ನನ್ನ ರುಜು ತೋರಿಸಿದರು.

"ದನ ಬಚ್ಚಿಟ್ಟಿದ್ವಿರಿ," ಎಂದೆ.

"ಯಾಕೆ?"

ಯಾಕೆಂದು ಹೇಳಿದೆ. ಅವರು ಕಾಗದ ಮಡಚಿಟ್ಟರು. ಆಮೇಲೆ, "ಎರಡು ಸಲ ಕೇಳಿದೆನಲ್ರೀ. ಮಂಜೂರಾಗಿಹೋಯ್ತು, ಈಗ ನನ್ನ ಕೈಲಿಲ್ಲ," ಎಂದರು.

ಮೇವಿಲ್ಲದೆ ಎಮ್ಮೆ ಮಾರಿದೆ, ಓಣಿಯವರೂ ಒಬ್ಬೊಬ್ಬರಾಗಿ ದನ ಮಾರಿದರು. ಮುನ್ನಿಬೀ ಭಾಲ್ಕಿ ಸಂತೆಯಲ್ಲಿ ಆಡುಗಳನ್ನು ಮಾರಿ ಬಂದಳು.  ಅವಳು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮನೆಗಳೆದ್ದವು. ಮೊದಲ ಮನೆಗೆ ಆ ಸಾಹೇಬರೇ ಬಂದರು, ಅವರ ಅಂಗಳದಲ್ಲಿ ಪಾತ್ರೆ ತಿಕ್ಕುವ ಕೆಲಸಕ್ಕೆ ಮುನ್ನಿಬೀ ಸೇರಿದಳು. ಒಂದು ಬೆಳಿಗ್ಗೆ ಆ ದಾರಿಯಲ್ಲಿ ಹೊರಟಿದ್ದೆ. ಸಾಹೇಬರು ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದರು.

"ಗೋರಖನಾಥರೇ, ಮಗುವಿಗೆ ಹಾಲು ಬೇಕಿತ್ತು. ನಿಮ್ಮ ಓಣಿಯಲ್ಲಿ ಎಮ್ಮೆನೋ ಆಡೋ ಯಾರ ಹತ್ತಿರವಾದ್ರೂ ಇದೆಯಾ?"

ಮುನ್ನಿಬೀ ತಿಕ್ಕುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು.

"ಒಂದೂ ಇಲ್ಲರಿ, ಸಾಹೇಬರ," ಎಂದೆ.

ಈ ಸಲ ಅವರು ಎರಡನೇ ಬಾರಿ ಕೇಳಲಿಲ್ಲ.